ಮೂರನೆಯ ಬಳೆ

ಮುನಿವೆಂಕಟಪ್ಪನಂಥ ಇನ್ನೊಬ್ಬ ಮೆಕ್ಯಾನಿಕ್ಕನನ್ನು ನಾನು ಕಾಣಲಿಲ್ಲ. ಅವನಷ್ಟು ನನ್ನ ತಲೆ ಕೆಡಿಸಿದವನನ್ನೂ ಕಾಣಲಿಲ್ಲ. ಕೃಷ್ಣಗಿರಿಯಿಂದ ಹೊಸೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಹೊಂಗೆ ಮರದ ಕೆಳಗೆ ಅವನ ತಗಡಿನ ಶೆಡ್ಡು ಇತ್ತು. ಯುದ್ಧದ ಕಾಲದಲ್ಲಿ ಆ ರಸ್ತೆಯ ಮೇಲೆ ಓಡುತ್ತಿದ್ದ ಹಳೆಯ ಗಾಡಿಗಳೆಲ್ಲ ಅವನ ಕೈ ಹಾದೇ ಓಡುತ್ತಿದ್ದವು. ಹೊಸ ಸಾಮಾನು ಎಲ್ಲೂ ಸಿಗುತ್ತಿರಲಿಲ್ಲ. ಒಂದು ಗಾಡಿಯ ಹೊಟ್ಟೆ ಬಗೆದು ಇನ್ನೊಂದಕ್ಕೆ ಜೀವ ಕೊಡುವುದೇ ಅವನ ಕೆಲಸವಾಗಿತ್ತು.

ಹುಟ್ಟಿದ್ದು ಬಾಗಲೂರಿನ ಬಳೆಗಾರರ ಮನೆಯಲ್ಲಿ. ಇಪ್ಪತ್ತು ವರ್ಷದವರೆಗೆ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಅಪ್ಪನ ಹಿಂದೆ ಹಳ್ಳಿ ಹಳ್ಳಿ ತಿರುಗಿದವನು. ಹೆಂಗಸಿನ ಕೈಯನ್ನು ಒಮ್ಮೆ ಹಿಡಿದರೆ ಯಾವ ಅಳತೆಯ ಬಳೆ ಏರುತ್ತದೆ, ಗೆಣ್ಣಿನ ಹತ್ತಿರ ಎಷ್ಟು ಒತ್ತಬೇಕು ಎನ್ನುವುದು ಅವನಿಗೆ ತಿಳಿಯುತ್ತಿತ್ತಂತೆ. ಆಮೇಲೆ ಬೆಂಗಳೂರಿನಲ್ಲಿ ಲಾರಿ ರಿಪೇರಿ ಕಲಿತು ಬಂದ. ಅಳತೆಯ ಸಾಮಾನು ಅವನ ಹತ್ತಿರ ಒಂದೂ ಇರಲಿಲ್ಲ. ಕಾರಿನ ಮುಂದಿನ ಹ್ಯಾಂಡಲ್ ಹಿಡಿದು ನಿಧಾನವಾಗಿ ತಿರುಗಿಸುತ್ತಾ, ಕಣ್ಣು ಮುಚ್ಚಿಕೊಂಡು, ಒಳಗಿನ ನಾಲ್ಕು ಪಿಸ್ಟನ್‌ಗಳಲ್ಲಿ ಯಾವುದು ಸರಿ, ಯಾವುದು ಸೊರಗಿದೆ ಎಂದು ಹೇಳಿಬಿಡುತ್ತಿದ್ದ. ಪಿಸ್ಟನ್ನಿಗೆ ಸುತ್ತಲೂ ಹಾಕುವ ಕಬ್ಬಿಣದ ರಿಂಗನ್ನು ಅವನು ಬಳೆ ಎನ್ನುತ್ತಿದ್ದ. ಅವನಿಂದ ಕಲಿತ ನಾವೆಲ್ಲ ಡ್ರೈವರುಗಳೂ ಬಳೆ ಎಂದೇ ಅನ್ನುತ್ತಿದ್ದೆವು.

ನಾನು ಅಂಚೆಟ್ಟಿಯವನು, ಹೆಸರು ಕೊಂಡಪ್ಪ. ನನ್ನನ್ನು ಹೆತ್ತ ತಿಂಗಳಲ್ಲೇ ತಾಯಿ ತೀರಿಕೊಂಡಳು. ಅಪ್ಪ, ಇಬ್ಬರು ಅಣ್ಣಂದಿರು, ನಾನು, ನಾಲ್ವರು ಗಂಡಸರು ಒಂದು ಗುಡಿಸಲಿನಲ್ಲಿ ಮುದ್ದೆ ಬೇಯಿಸಿಕೊಂಡು ಬೆಳೆದೆವು. ನನಗೆ ಮದುವೆಯೂ ಆಗಿರಲಿಲ್ಲ. ಈ ವಿಷಯ ಇಲ್ಲಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ನಾನು ಮಾಡಿದ ಎಡವಟ್ಟಿಗೆ ಇದೇ ಕಾರಣ. ನಾನು ದಡ್ಡನಲ್ಲ ಎಂದು ನೀವು ನಂಬಬೇಕು.

ಕೃಷ್ಣಗಿರಿಯಲ್ಲಿ ಬಾಡಿಗೆಗೆ ಓಡಿಸುತ್ತಿದ್ದ ನನ್ನದು ಅಮೆರಿಕದ ಹಳೆಯ ಕಾರು. ಜಮೀನ್ದಾರರೊಬ್ಬರು ಹತ್ತು ವರ್ಷ ಓಡಿಸಿ ಬಿಟ್ಟದ್ದು. ಅದರ ಮೈಲಿ ಮೀಟರು ತೊಂಬತ್ತೆರಡು ಸಾವಿರದವರೆಗೆ ಎಣಿಸಿ, ಇನ್ನು ನನ್ನ ಕೈಲಾಗದು ಎಂದು ನಿಂತುಹೋಗಿತ್ತು. ಸಾವಿರದ ಒಂಬೈನೂರ ನಲವತ್ತನಾಲ್ಕರ ಬೇಸಿಗೆಯಲ್ಲಿ ಅದು ಎಣ್ಣೆ ಕುಡಿಯಲು ಶುರು ಮಾಡಿತು. ಆಗ ಮುನಿವೆಂಕಟಪ್ಪ ಯಾವುದೋ ಲಾರಿಯ ಹಳೆಯ ಬಳೆಗಳನ್ನು ತಂದು, ಎರಡು ದಿನ ಕೂತು ಅರದಿಂದ ತಿಕ್ಕಿ, ಅಳತೆಗೆ ಇಳಿಸಿ ಹಾಕಿಕೊಟ್ಟಿದ್ದ. ಹೊಸದಾಗಿ ಹಾಕಿದ ಬಳೆ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ, ಓಡಿದಷ್ಟೂ ಕೂರುತ್ತದೆ, ಅಲ್ಲಿಯವರೆಗೆ ಹೊಗೆ ಕಂಡರೆ ಹೆದರಬೇಡ ಎಂದೂ ಹೇಳಿದ್ದ. ಆ ಮಾತನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೆ.

ಎರಡು ತಿಂಗಳು ಕಳೆದಿತ್ತು. ಒಂದು ಶುಕ್ರವಾರ ಬೆಳಿಗ್ಗೆ ನನ್ನ ಕಾರಿನ ಹತ್ತಿರ ಒಬ್ಬರು ಮುದುಕರೂ ಒಬ್ಬ ಹೆಂಗಸೂ ಬಂದು ನಿಂತರು. ಎರಡು ಹರಿದಾರಿ ನಡೆದು ಬಂದಿದ್ದರು, ಕಾಲೆಲ್ಲ ಧೂಳು. ಮುದುಕರ ಹೆಸರು ರಾಮಕೃಷ್ಣಪ್ಪ, ಹೆಂಗಸು ಅವರ ಸೊಸೆ ಅಶ್ವತ್ಥಮ್ಮ. ಮುದುಕರು ಒಂದು ಕಾರ್ಡು ಮುಂದೆ ಹಿಡಿದರು. ಅವರ ಮಗ ದಂಡಿಗೆ ಸೇರಿ ಬರ್ಮಾ ಕಡೆ ಹೋಗಿದ್ದವನು, ಕಾಲಿಗೆ ಏಟು ಬಿದ್ದು ಬೆಂಗಳೂರಿನ ದಂಡಿನ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಅವನನ್ನೂ ಇನ್ನು ಕೆಲವರನ್ನೂ ರೈಲಿನಲ್ಲಿ ಉತ್ತರದ ಕಡೆ ಯಾವುದೋ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ನೋಡುವುದಿದ್ದರೆ ಅಷ್ಟರೊಳಗೆ ಬನ್ನಿ ಎಂದು ಪಕ್ಕದ ಮಂಚದವನು ಬರೆದಿದ್ದ. ಕಾರ್ಡು ಅವರ ಕೈಗೆ ಸೇರಿದ್ದು ಗುರುವಾರ ಸಂಜೆ.

ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಆಗಲೇ ಹೊರಟುಹೋಗಿತ್ತು. ಅದು ಇದ್ದಿದ್ದರೂ ನಾಲ್ಕಕ್ಕೆ ತಲುಪಿಸುತ್ತಿತ್ತು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಪೆಟ್ರೋಲು ಇದ್ದ ಬಾಡಿಗೆ ಕಾರು ಆ ದಿನ ನನ್ನದೊಂದೇ. ಅಶ್ವತ್ಥಮ್ಮ ಏನೂ ಮಾತಾಡಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿದ ಒಂದು ಹಿತ್ತಾಳೆ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಅದರಲ್ಲಿ ಹರಳೆಣ್ಣೆ, ಮನೆಯಲ್ಲೇ ಬೇಯಿಸಿ ತೆಗೆದದ್ದು, ಅವನ ನೆತ್ತಿಗೆ ಹಚ್ಚಲು ಎಂದು ಮುದುಕರೇ ಹೇಳಿದರು. ಬೆಂಗಳೂರಿಗೆ ಐವತ್ತೇಳು ಮೈಲಿ. ಮೂರು ಗಂಟೆ ಸಾಕು, ಏರಿ ಎಂದೆ.

ಹೊರಡುವಾಗ ಹಿಂದೆ ನೋಡಿದರೆ ನೀಲಿ ಹೊಗೆ ರಸ್ತೆಯನ್ನೇ ಮುಚ್ಚಿತ್ತು. ಇಷ್ಟು ಯಾವತ್ತೂ ಬಂದಿರಲಿಲ್ಲ. ಹೇಗೂ ದಾರಿಯಲ್ಲೇ ಎಂದು ಮುನಿವೆಂಕಟಪ್ಪನ ಶೆಡ್ಡಿನ ಮುಂದೆ ನಿಲ್ಲಿಸಿದೆ.

ಅವನು ಮೊದಲು ಕೇಳಿದ್ದು ಹೊಗೆ ಯಾವಾಗ ಬರುತ್ತದೆ ಎಂದು. ಇಳಿಜಾರಿನಲ್ಲಿ ಕಾಲು ತೆಗೆದಾಗಲೋ, ಏರಿನಲ್ಲಿ ಎಳೆಯುವಾಗಲೋ? ಎಳೆಯುವಾಗ ಎಂದೆ. ಹಾಗಾದರೆ ವಾಲ್ವಿನ ಕಡೆಯಿಂದ ಎಣ್ಣೆ ಇಳಿಯುತ್ತಿಲ್ಲ, ಕೆಳಗಿನಿಂದ ಬಳೆ ದಾಟಿ ಮೇಲಕ್ಕೆ ಬರುತ್ತಿದೆ ಎಂದು ಗೊಣಗಿಕೊಂಡು ನಾಲ್ಕೂ ಪ್ಲಗ್ಗು ಬಿಚ್ಚಿದ. ಉಳಿದ ಮೂರು ಬರಿ ಮಸಿ ಹಿಡಿದಿದ್ದವು. ಮೂರನೆಯದು ಮಾತ್ರ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಒದ್ದೆಯಾಗಿತ್ತು. ಒಂದೊಂದು ತೂತಿಗೂ ಒಂದೊಂದು ಚಮಚ ಎಣ್ಣೆ ಹಾಕಿದ. ಆಮೇಲೆ ಒಂದೊಂದಕ್ಕೇ ಪ್ಲಗ್ಗು ಹಾಕಿ ಬಿಗಿದು, ಹ್ಯಾಂಡಲ್ ತಿರುಗಿಸಿ ನೋಡಿದ. ಸವೆದ ಬಳೆಯಾದರೆ ಆ ಎಣ್ಣೆ ಸಂದು ಮುಚ್ಚಿ ಹ್ಯಾಂಡಲ್ ಬಿಗಿಯುತ್ತದೆ. ಉಳಿದ ಮೂರು ಕಡೆ ಬಿಗಿಯಿತು. ಮೂರನೆಯದರಲ್ಲಿ ಅವನ ಕೈ ತಡೆಯಿಲ್ಲದೆ ಇಳಿದುಹೋಯಿತು. ಎಣ್ಣೆ ಸುರಿಯುವ ಬಾಯಿಯ ಮೇಲೆ ಅಂಗೈ ಇಟ್ಟು ನನಗೆ ತಿರುಗಿಸಲು ಹೇಳಿದ. ಮೂರನೆಯ ಪಿಸ್ಟನ್ ಏರಿದಾಗಲೆಲ್ಲ ಒಳಗಿನಿಂದ ಉಸಿರು ಬಂದು ಅವನ ಅಂಗೈಗೆ ತಾಕುತ್ತಿತ್ತು.

ಇಷ್ಟಕ್ಕೆ ಒಂದು ಗಂಟೆ ಹಿಡಿಯಿತು. ನನಗೆ ಕುದಿಯುತ್ತಿತ್ತು. ಮುದುಕರು ಮಗನ ವಿಷಯ ಅವನಿಗೂ ಹೇಳಿ, ನಾಲ್ಕು ಸಲ ಹೊತ್ತು ಎಷ್ಟಾಯಿತು ಎಂದು ಕೇಳಿದ್ದರು. ಮುನಿವೆಂಕಟಪ್ಪ ಕೈ ಒರೆಸಿಕೊಳ್ಳುತ್ತಾ ಹಿಂದಿನ ಸೀಟಿನಲ್ಲಿದ್ದ ಅಶ್ವತ್ಥಮ್ಮನನ್ನೂ ಅವಳ ಕೈಯ ಬಳೆಗಳನ್ನೂ ಒಮ್ಮೆ ನೋಡಿದ. ಆಮೇಲೆ ನನ್ನ ಹತ್ತಿರ ಬಂದು ದನಿ ಇಳಿಸಿ ಹೇಳಿದ.

"ಕೊಂಡಪ್ಪ, ಮೂರನೇದ್ರ ಬಳೆ ಹೆಚ್ಚೈತೆ ಕಣ್ಲಾ."

ಹೆಚ್ಚಿದೆ ಎಂದರೆ ಅಳತೆಗಿಂತ ಹೆಚ್ಚಾಗಿದೆ, ಇನ್ನೂ ಬಿಗಿಯಾಗಿದೆ ಎಂದು ನಾನು ತಿಳಿದೆ. ಓಡಿದಷ್ಟೂ ಕೂರುತ್ತದೆ ಎಂದು ಅವನೇ ಹೇಳಿದ್ದನಲ್ಲ. "ಹೆಚ್ಚಿದ್ರೆ ಒಳ್ಳೇದೇ ಆಯ್ತು ಬುಡಣ್ಣ" ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, ತಲೆ ಅಲ್ಲಾಡಿಸಿ, ಶೆಡ್ಡಿನೊಳಕ್ಕೆ ಹೋದ. ಅವನ ಕೆಲಸ ಮುಗಿಯಿತು ಎಂದುಕೊಂಡು ನಾನು ಪ್ಲಗ್ಗು ಬಿಗಿದು, ಬಾನೆಟ್ ಮುಚ್ಚಿ ಹೊರಟೇಬಿಟ್ಟೆ. ಹಿಂದಿನಿಂದ ಯಾರೋ ಕೂಗಿದ ಹಾಗಾಯಿತು. ಎಂಜಿನ್ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ. ಕೇಳಿದ್ದರೂ ನಿಲ್ಲಿಸುತ್ತಿದ್ದೆನೋ ಇಲ್ಲವೋ, ಅಷ್ಟು ಸಿಟ್ಟು ಬಂದಿತ್ತು.

ಬಿಗಿಯಾದ ಬಳೆ ಬೇಗ ಕೂರಲಿ ಎಂದು ನಾನು ಕಾರನ್ನು ಒತ್ತಿಯೇ ಓಡಿಸಿದೆ. ಎಂಟು ಮೈಲಿ ಹೋಗುವಷ್ಟರಲ್ಲಿ ಮೇಲುಮಲೆಯ ಏರು ಎದುರಾಯಿತು. ಹೊಗೆ ಈಗ ಒಳಕ್ಕೂ ನುಗ್ಗತೊಡಗಿತು. ಮುದುಕರು ಕೆಮ್ಮುತ್ತಿದ್ದರು. ಎಂಜಿನ್ ಮೂರೇ ಕಾಲಿನಲ್ಲಿ ಕುಂಟುತ್ತಿತ್ತು, ಕೆಳಗಿನಿಂದ ಸಣ್ಣಗೆ ಟಕ ಟಕ ಎಂಬ ಸದ್ದು. ಕೂರುತ್ತದೆ, ಕೂರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಗೇರು ಇಳಿಸಿ ಇನ್ನೂ ಒತ್ತಿದೆ.

ಬೆಳಗಿನಿಂದ ಬಾಯಿ ಬಿಡದಿದ್ದ ಅಶ್ವತ್ಥಮ್ಮ ಆಗ ಮಾತಾಡಿದಳು. ಮಾವನ ಎದುರಿಗೆ ಪರ ಗಂಡಸಿನ ಜೊತೆ ಮಾತಾಡಬೇಕಲ್ಲ ಎಂದು ಇಷ್ಟು ಹೊತ್ತು ತಡೆದಿದ್ದಳು ಎಂದು ಆ ದನಿಯಲ್ಲೇ ಗೊತ್ತಾಗುತ್ತಿತ್ತು.

"ಅಣ್ಣ, ಆ ಯಣ್ಣ ಬಳೆ ಹೆಚ್ಚೈತೆ ಅಂದಾಗ ನಾನು ನನ್ ಕೈ ನೋಡ್ಕಂಡೆ. ನನ್ನವು ಹನ್ನೆರಡೂ ನೆಟ್ಟಗವೆ. ಇನ್ಯಾರವು ಹೆಚ್ಚಿದ್ದು?"

ಹೆಚ್ಚುವುದು ಎಂದರೆ ಏನಮ್ಮ ಎಂದು ನಾನು ಕೇಳಿದೆ.

"ನಾವು ಅದ್ನ ಬಾಯಲ್ಲಿ ಅನ್ನಕ್ಕಿಲ್ಲ ಅಣ್ಣ. ಗಾಜು ಚೂರಾದ್ರೆ ಹೆಚ್ಚಿತು ಅಂತೀವಿ."

ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ಎಂಜಿನ್ ಆರಿಸಿದೆ. ಕೆಳಗಿಳಿದು ಎಣ್ಣೆ ನೋಡುವ ಕಡ್ಡಿ ಎಳೆದೆ. ತುದಿಯಲ್ಲಿ ಒಂದು ತೊಟ್ಟು ಸಹ ಇರಲಿಲ್ಲ. ಇನ್ನು ಅರ್ಧ ಮೈಲಿ ಹಾಗೆಯೇ ಒತ್ತಿದ್ದರೆ ಎಂಜಿನ್ ಅಲ್ಲೇ ಕಚ್ಚಿಕೊಂಡು ಕೂತುಬಿಡುತ್ತಿತ್ತು. ಭಯಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಒಡೆದ ಬಳೆಯ ಕಾರನ್ನು ನಾನು ಓಡಿಸಿ ಸರಿಮಾಡಲು ಹೊರಟಿದ್ದೆ.

ಹತ್ತೂ ಕಾಲು ಗಂಟೆ. ಅಲ್ಲಿ ರಸ್ತೆ ಬಿಟ್ಟರೆ ಬರಿ ಬಂಡೆ, ಕುರುಚಲು ಗಿಡ. ಕಾರನ್ನು ತಿರುಗಿಸಿ ಇಳಿಜಾರಿನಲ್ಲಿ ಹಾಗೆಯೇ ಬಿಟ್ಟುಕೊಂಡು ಕೃಷ್ಣಗಿರಿಯ ಕಡೆ ಹೋಗಬೇಕು, ಉಳಿದದ್ದನ್ನು ನಡೆಯಬೇಕು, ಎಣ್ಣೆ ತರಬೇಕು, ಅಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ. ಮುದುಕರು ಕಲ್ಲಿನ ಮೇಲೆ ಕೂತು ಕಾರ್ಡನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದರು. ಅಶ್ವತ್ಥಮ್ಮ ನನ್ನ ಜೊತೆ ಕಾರಿಗೆ ಕೈ ಕೊಟ್ಟು ತಳ್ಳಿದಳು. ಅಗಲವಿಲ್ಲದ ರಸ್ತೆ, ಒಂದು ಕಡೆ ಕೊರಕಲು. ಎಷ್ಟು ತಳ್ಳಿದರೂ ಅದು ಅರ್ಧ ತಿರುಗಿ ಅಡ್ಡಡ್ಡ ನಿಂತಿತು.

ಹಾಗೆ ಒದ್ದಾಡುತ್ತಿರುವಾಗ ಕೆಳಗಿನ ತಿರುವಿನಲ್ಲಿ ಒಬ್ಬ ಮನುಷ್ಯ ಸೈಕಲ್ ತಳ್ಳಿಕೊಂಡು ಬರುವುದು ಕಂಡಿತು. ಹಿಂದೆ ಒಂದು ಗ್ಯಾಲನ್ ಡಬ್ಬ ಕಟ್ಟಿತ್ತು. ಮುನಿವೆಂಕಟಪ್ಪ. ನಲವತ್ತೈದು ದಾಟಿದ ಮನುಷ್ಯ, ಆ ಬಿಸಿಲಿನಲ್ಲಿ, ಎಂಟು ಮೈಲಿ. ಅವನು ಒಳಕ್ಕೆ ಹೋಗಿದ್ದು ನನಗಾಗಿ ಎಣ್ಣೆ ತುಂಬಿಸಿ ತರಲು. ಹೊರಗೆ ಬಂದಾಗ ನಾನಿರಲಿಲ್ಲ. ನಾನು ಆಡಿದ ಮಾತು ನೆನಪಾಗಿ, ಈ ಮುಂಡೇದಕ್ಕೆ ಅರ್ಥವೇ ಆಗಿಲ್ಲ ಎಂದು ಹೊಳೆದು, ಹೊಗೆಯ ವಾಸನೆ ಹಿಡಿದೇ ಹಿಂದೆ ಬಂದಿದ್ದ.

ಅವನನ್ನು ಕಂಡು ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನಾನು ಬಯ್ದೆ. ನೆಟ್ಟಗೆ ಒಡೆದಿದೆ ಎನ್ನಲು ನಿನಗೇನಾಗಿತ್ತು ಎಂದೆ. ಅವನು ಡಬ್ಬದ ಹಗ್ಗ ಬಿಚ್ಚುತ್ತಲೇ ಇದ್ದ.

"ಹುಟ್ಟಿದಾಗಿಂದ ಆ ಮಾತು ಆಡಿಲ್ಲ ಕಣ್ಲಾ. ಗಂಡ ಆಸ್ಪತ್ರೇಲಿ ಮಲಗವ್ನೆ. ಆ ಯಮ್ಮನ ಎದ್ರಿಗೆ ಎಂಗ್ ಆಡ್ಲಿ?"

ಅವನು ಡಬ್ಬ ನೆಲಕ್ಕಿಟ್ಟು ಅಶ್ವತ್ಥಮ್ಮನ ಕಡೆ ತಿರುಗಿದ. ಆಮೇಲೆ ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳಿದ.

"ಒಡೆದೈತೆ ಕಣವ್ವ. ಕಾರಿಂದು, ಮೂರನೇ ಬಳೆ."

"ಒಡೀಲಿ ಬುಡಣ್ಣ" ಎಂದಳು ಅವಳು. "ನಂಗೆ ಬರಾದು ಅದ್ಕೆ ಬಂತು ಅನ್ಕಂತೀನಿ."

ಮುನಿವೆಂಕಟಪ್ಪ ಮುಖ ಆಚೆ ತಿರುಗಿಸಿ ಕಾರಿನ ಕೆಲಸ ಹಿಡಿದ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನನ್ನದನ್ನು ಅವನು ನೋಡಿದನೋ ಇಲ್ಲವೋ ಗೊತ್ತಿಲ್ಲ.

ಒಡೆದ ಬಳೆಯನ್ನು ರಸ್ತೆಯಲ್ಲಿ ಬದಲಿಸುವಂತಿರಲಿಲ್ಲ. ಬದಲಿಗೆ ಹಾಕಲು ಬಳೆಯೂ ಇರಲಿಲ್ಲ. ಇದ್ದದ್ದು ಒಂದೇ ದಾರಿ, ಎಂಜಿನ್ ಕುಡಿದಷ್ಟೂ ಕುಡಿಸುತ್ತಾ ಹೋಗುವುದು. ಅರ್ಧ ಡಬ್ಬಕ್ಕಿಂತ ಹೆಚ್ಚು ಹೊಟ್ಟೆಗೇ ಹೋಯಿತು. ಮೂರನೆಯ ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ ಹಾಕಿದ. ಸೈಕಲ್ಲನ್ನು ಪೊದೆಯ ಹಿಂದೆ ಮಲಗಿಸಿ, ಉಳಿದ ಎಣ್ಣೆಯ ಡಬ್ಬ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತ. ಗಂಟೆ ಹನ್ನೊಂದೂವರೆ.

ಆಮೇಲೆ ನಾನು ಕಾರು ಓಡಿಸಲಿಲ್ಲ, ಅವನು ಹೇಳಿದ್ದನ್ನು ಮಾಡಿದೆ, ಅಷ್ಟೆ. ಏರಿನಲ್ಲಿ ಒತ್ತಬೇಡ ಎಂದ, ಒತ್ತಲಿಲ್ಲ. ಎತ್ತಿನಗಾಡಿ ಮುಂದಿದ್ದರೆ ಹಿಂದೆಯೇ ಹೋಗು ಎಂದ, ಹೋದೆ. ಐದೈದು ಮೈಲಿಗೆ ನಿಲ್ಲಿಸಿ, ಕಡ್ಡಿ ಎಳೆದು ನೋಡಿ, ಒಂದು ಪಾವು ಎಣ್ಣೆ ಹಾಕುತ್ತಿದ್ದ. ಸೂಳಗಿರಿಯಲ್ಲಿ ಮತ್ತೆ ಪ್ಲಗ್ಗು ಒದ್ದೆಯಾಗಿ ಕುಂಟಿತು, ಮತ್ತೆ ಬಿಚ್ಚಿ ತೊಳೆದ. ಹೊಸೂರಿನಲ್ಲಿ ಎರಡು ಅಂಗಡಿಯಲ್ಲಿ ಎಣ್ಣೆ ಕೇಳಿದೆವು. ಆ ವಾರದ್ದು ಇನ್ನೂ ಬಂದೇ ಇಲ್ಲ ಎಂದರು. ಅಲ್ಲೇ ಎರಡು ಗಂಟೆಯಾಗಿತ್ತು. ಹಿಂದಿನ ಸೀಟಿನಿಂದ ಯಾರೂ ಹೊತ್ತು ಕೇಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಹಿಂಸೆಯಾಗುತ್ತಿತ್ತು.

ಚಂದಾಪುರ ಇನ್ನೂ ಒಂದು ಮೈಲಿ ಇರುವಾಗ, ರಾಗಿ ಹೊಲಗಳ ನಡುವೆ, ಡಬ್ಬ ಬೋರಲು ಹಾಕಿದರೂ ಏನೂ ಬೀಳಲಿಲ್ಲ. ಕಡ್ಡಿಯ ತುದಿಯಲ್ಲಿ ಉಗುರಿನಷ್ಟು ಎಣ್ಣೆ. ಇನ್ನು ಹದಿನಾರು ಮೈಲಿ. ಮೂರಕ್ಕೆ ಹತ್ತು ನಿಮಿಷ ಬಾಕಿ.

ಅಶ್ವತ್ಥಮ್ಮ ಹಿತ್ತಾಳೆ ಚೊಂಬನ್ನು ಕಿಟಕಿಯಿಂದ ಮುಂದೆ ಚಾಚಿದಳು. ಮುನಿವೆಂಕಟಪ್ಪ ತೆಗೆದುಕೊಳ್ಳಲಿಲ್ಲ. ಹರಳೆಣ್ಣೆ ಹಾಕಿದರೆ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಆದರೆ ಒಳಗಿನ ಎಣ್ಣೆಗೂ ಇದಕ್ಕೂ ಹೊಂದುವುದಿಲ್ಲ, ಕಾದು ಅಂಟಾಗಿ ಎಲ್ಲ ಸಂದಿನಲ್ಲೂ ಹಿಡಿದು ಕೂರುತ್ತದೆ, ಆಮೇಲೆ ಈ ಎಂಜಿನ್ ಏಳುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ನನಗೆ ಬಿಡಿಸಿ ಹೇಳಿದ. ಈ ಸಲ ಒಂದು ಮಾತನ್ನೂ ಮುಚ್ಚಿಡಲಿಲ್ಲ. ನನಗೆ ಹೊಲವಿಲ್ಲ, ಮನೆಯಿಲ್ಲ, ಇದ್ದದ್ದು ಆ ಕಾರು ಒಂದೇ. ನಾನು ಮಹಾತ್ಮನ ಹಾಗೆ ತಕ್ಷಣ ಒಪ್ಪಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಸ್ಟೇರಿಂಗ್ ಹಿಡಿದುಕೊಂಡು ಒಂದು ನಿಮಿಷ ಕಾರಿನ ಬೆಲೆಯನ್ನೇ ಲೆಕ್ಕ ಹಾಕಿದೆ. ಆಮೇಲೆ ಸುರಿ ಎಂದೆ.

ಅದರ ಫಲ ಏನಾಯಿತು ಎಂದು ಇಲ್ಲೇ ಹೇಳಿ ಮುಗಿಸುತ್ತೇನೆ. ಲಾರಿಗೆ ಕಟ್ಟಿ ಎಳೆಸಿ ತಂದ ಮೇಲೆ ಎರಡು ತಿಂಗಳು ಕಾರು ಹೊಂಗೆ ಮರದ ಕೆಳಗೆ ಕಲ್ಲುಗಳ ಮೇಲೆ ನಿಂತಿತ್ತು. ಒಳಗೆಲ್ಲ ಬೆಲ್ಲದ ಪಾಕದಂಥ ಅಂಟು. ಮುನಿವೆಂಕಟಪ್ಪ ಅದನ್ನು ಚೂರು ಚೂರೇ ಕೆರೆದು, ತೊಳೆದು, ಹೊಸ ಬಳೆ ತಿಕ್ಕಿ ಹಾಕಿ ಎಬ್ಬಿಸಿ ನಿಲ್ಲಿಸಿದ. ಮೂರನೆಯ ಪಿಸ್ಟನ್ನಿನಿಂದ ಬಿದ್ದ ಎರಡು ತುಂಡನ್ನು ಮಾತ್ರ ಗುಜರಿಗೆ ಎಸೆಯಲಿಲ್ಲ. ಬಳೆಯ ಚೂರು ಯಾರ ಕಾಲಿಗೂ ಸಿಗಬಾರದು ಎಂದು ಮರದ ಬುಡದಲ್ಲಿ ಹೂತ. ಕಬ್ಬಿಣಕ್ಕೂ ಈ ಶಾಸ್ತ್ರವೇ ಎಂದು ನಾನು ನಕ್ಕೆ. ಅವನು ನಗಲಿಲ್ಲ.

ಆ ದಿನ ಚೊಂಬಿನ ಎಣ್ಣೆ ಕುಡಿದು ಕಾರು ಓಡಿತು. ನೀಲಿ ಹೊಗೆ ಹೋಗಿ ಬಿಳಿ ಹೊಗೆ ಬಂತು, ಕಾದ ಹರಳೆಣ್ಣೆಯ ವಾಸನೆ ದಾರಿಯುದ್ದಕ್ಕೂ. ದಂಡಿನ ಆಸ್ಪತ್ರೆಯ ಗೇಟು ಮುಟ್ಟಿದಾಗ ನಾಲ್ಕಕ್ಕೆ ಹದಿನೈದು ನಿಮಿಷ. ಅಂಗಳದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು, ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಹೊತ್ತು ತಂದು ಏರಿಸುತ್ತಿದ್ದರು. ಮುದುಕರು ಕಾವಲಿನವನಿಗೆ ಕಾರ್ಡು ತೋರಿಸಿದರು. ಅವನು ಓದಿ, ಕೈಗಡಿಯಾರ ನೋಡಿ, ಬೇಗ ಎಂದು ಕೈ ಬೀಸಿದ. ಮುನಿವೆಂಕಟಪ್ಪನೂ ನಾನೂ ಹೊರಗಿನವರನ್ನು ತಡೆಯಲು ಹಗ್ಗ ಕಟ್ಟಿದ್ದ ಕಡೆಯೇ ನಿಂತೆವು.

ಎರಡನೆಯ ಲಾರಿಯ ಪಕ್ಕದಲ್ಲಿ ಮುದುಕರ ಮಗನನ್ನು ಇನ್ನೂ ನೆಲದ ಮೇಲೇ ಮಲಗಿಸಿದ್ದರು. ಕಾಲಿಗೆ ಸೊಂಟದವರೆಗೆ ಕಟ್ಟು, ಗಡ್ಡ ಬೆಳೆದ ಮುಖ. ಮುದುಕರು ಮಗನ ಕೈ ಹಿಡಿದುಕೊಂಡು ಕೂತುಬಿಟ್ಟರು. ಅಶ್ವತ್ಥಮ್ಮ ತಲೆಯ ಹತ್ತಿರ ಕೂತು ಚೊಂಬಿನ ಬಟ್ಟೆ ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಬೆರಳು ಹಾಕಿ ಚೊಂಬಿನ ಒಳಗನ್ನು ಸುತ್ತಲೂ ಒರೆಸಿಕೊಂಡಳು. ಅಂಗೈಗೆ ಅಂಟಿದಷ್ಟನ್ನೇ ಅವನ ನೆತ್ತಿಗೆ ಇಟ್ಟು ಎರಡೂ ಕೈಯಿಂದ ತಟ್ಟತೊಡಗಿದಳು. ಅವನು ಕಣ್ಣು ಮುಚ್ಚಿಕೊಂಡ. ಏನಾದರೂ ಮಾತಾಡಿದರೋ ಇಲ್ಲವೋ ನಮಗೆ ಕೇಳಿಸಲಿಲ್ಲ. ನಮಗೆ ಕೇಳಿಸಿದ್ದು ಬಳೆಯ ಸದ್ದು ಮಾತ್ರ.

ಮುನಿವೆಂಕಟಪ್ಪ ಹಗ್ಗ ಹಿಡಿದು, ಹ್ಯಾಂಡಲ್ ತಿರುಗಿಸುವಾಗಿನ ಹಾಗೆಯೇ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ನನ್ನ ಭುಜ ಮುಟ್ಟಿದ.

"ಹನ್ನೆರಡೂ ಅವೆ ಕಣ್ಲಾ. ಒಂದೂ ಹೆಚ್ಚಿಲ್ಲ."

ಈ ಸಲ ನನಗೆ ಅರ್ಥವಾಯಿತು.